ಹೇಳದೆ ಕೊಟ್ಟ ಮದ್ದು

ಮಳವಳ್ಳಿಯಲ್ಲಿ ಮಗಳು ಹೆತ್ತಿದ್ದಳು. ಮೊಮ್ಮಗನನ್ನು ನೋಡಲು ಹೊರಟ ಹಬೀಬುನ್ನೀಸಾ ಮದ್ದೂರಿನ ಪೇಟೆ ಬೀದಿಯನ್ನೂ ದಾಟಲಿಲ್ಲ. ಬಸ್ಸು ನಿಲ್ಲುವ ಜಾಗದ ತನಕ ಎಂದು ಗಂಡ ಫಕ್ರುದ್ದೀನ್ ಗೊತ್ತುಮಾಡಿದ್ದ ಜಟಕಾದ ಅಚ್ಚು ಒಂದು ಬಟ್ಟೆ ಅಂಗಡಿಯ ಎದುರಿಗೇ ಮುರಿಯಿತು. ಕುದುರೆ ಬೆದರಿ ಮುಂಗಾಲೆತ್ತಿತು. ಗಾಡಿ ಹಿಂದಕ್ಕೆ ವಾಲಿ, ಹಬೀಬುನ್ನೀಸಾ ಬುರ್ಖಾ ಸಮೇತ ಧೂಳಿಗೆ ಜಾರಿ ಕುಳಿತಳು. ಕುಳಿತವಳಿಗೆ ಏಳಲಾಗಲಿಲ್ಲ.

ಅವಳ ಮೈ ಅಂಥದ್ದು. ಕೊನೆಯ ಹೆರಿಗೆಯಾದ ಮೇಲೆ ಬರತೊಡಗಿದ ದಪ್ಪ ಎಲ್ಲಿಯೂ ನಿಂತಿರಲಿಲ್ಲ. ನಲವತ್ತು ತುಂಬುವ ಹೊತ್ತಿಗೆ ಹಿತ್ತಲಿಗೆ ಹೋಗಿ ಬರುವುದೇ ಅವಳಿಗೊಂದು ಪ್ರಯಾಣವಾಗಿತ್ತು. ಕಾಲು ಊದಿ, ಮೈಯ ಮಡಿಕೆಗಳಲ್ಲಿ ಹುಣ್ಣಾಗಿ, ಮಲಗಿದರೆ ಉಸಿರು ಕಟ್ಟಿ, ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡುತ್ತಿದ್ದಳು. ಆದರೆ ಕೈಬೆರಳು ಮಾತ್ರ ಚುರುಕು. ಕೂತಲ್ಲೇ ಅವಳು ಹೊಲಿದ ಕಸೂತಿಯ ಟೋಪಿಗಳು ಮಂಡ್ಯ, ಮಳವಳ್ಳಿಗಳ ಅಂಗಡಿಗೆಲ್ಲ ಹೋಗುತ್ತಿದ್ದವು.

ಬೀದಿಯಲ್ಲಿ ಗುಂಪು ಕೂಡಿತು. ಬುರ್ಖಾ ತೊಟ್ಟ ಹೆಂಗಸನ್ನು ಮುಟ್ಟಿ ಎತ್ತಲು ಗಂಡಸರು ಹಿಂಜರಿದರು, ನೋಡಲು ಹಿಂಜರಿಯಲಿಲ್ಲ.

"ಅಚ್ಚು ಓದ್ರೆ ಓಯ್ತು ಕಣ್ಲಾ, ಕುದ್ರೆ ಬದುಕ್ಕಂತಲ್ಲ, ಅದು ದೊಡ್ದು" ಎಂದ ಒಬ್ಬ. ಜನ ನಕ್ಕರು.

ಫಕ್ರುದ್ದೀನನಿಗೆ ಗಾಡಿಚಕ್ರಗಳಿಗೆ ಕಬ್ಬಿಣದ ಪಟ್ಟಿ ಹಾಕುವ ಕೆಲಸ. ಸುತ್ತಮುತ್ತಲ ಹಳ್ಳಿಯ ಗಾಡಿಗಳೆಲ್ಲ ಅವನ ಕುಲುಮೆಗೆ ಬರುತ್ತಿದ್ದವು. ನಕ್ಕವರಲ್ಲಿ ಅರ್ಧಕ್ಕರ್ಧ ಅವನ ಗಿರಾಕಿಗಳೇ. ಅವನು ಯಾರ ಮುಖವನ್ನೂ ನೋಡದೆ ಹೆಂಡತಿಯ ಹಿಂದೆ ಕೂತು, ಅವಳ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಒತ್ತಿದ. ಮುಂದಿನಿಂದ ಅವಳ ತಂಗಿ ಬಿಬಿ ಜಾನ್ ಎರಡೂ ಕೈ ಹಿಡಿದು ಎಳೆದಳು. ಬಟ್ಟೆ ಅಂಗಡಿಯ ಜಗಲಿಯಿಂದ ಇನ್ನೊಬ್ಬ ಇಳಿದು ಬಂದು ಹೆಗಲು ಕೊಟ್ಟ. ಅವನು ಮಂಡ್ಯದ ಡಾಕ್ಟರು ಮರಿಸಿದ್ದಯ್ಯ. ಯಾರನ್ನೋ ನೋಡಲು ಮದ್ದೂರಿಗೆ ಬಂದಿದ್ದವನು.

ಆ ನಗು ಮರಿಸಿದ್ದಯ್ಯನಿಗೆ ಹೊಸದಲ್ಲ. ಅವನ ತಾಯಿ ಚಲುವಮ್ಮನದೂ ಇದೇ ಮೈ. ಮಳವಳ್ಳಿಯ ಹತ್ತಿರದ ಹಳ್ಳಿಯಲ್ಲಿ ಅವಳು ಸತ್ತಾಗ ಚಟ್ಟ ಹೊತ್ತವರು ದಾರಿಯುದ್ದಕ್ಕೂ ಹೆಗಲು ಬದಲಾಯಿಸಿದ್ದರು. "ಇನ್ನಿಬ್ರು ಬನ್ರಲಾ, ಎಮ್ಮೆ ಒತ್ತಂಗದೆ" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದ್ದು ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಅವನ ಕಿವಿಗೆ ಬಿದ್ದಿತ್ತು. ಆಗ ಅವನಿನ್ನೂ ವೈದ್ಯಕೀಯ ಓದುತ್ತಿದ್ದ. ಈ ಮೈಗೆ ಒಂದು ಮದ್ದು ಕಂಡುಹಿಡಿಯಬೇಕೆಂಬ ಹಟ ಅಂದು ಹುಟ್ಟಿದ್ದು.

ಮದ್ದು ಸಿಕ್ಕಿದೆಯೆಂದೇ ಅವನು ಈಗ ನಂಬಿದ್ದ. ಅದೊಂದು ಹಳದಿ ಪುಡಿ. ಹೊರದೇಶದ್ದು. ಮೈಯೊಳಗಿನ ಬೆಂಕಿಯನ್ನೇ ಹೆಚ್ಚಿಸಿ ಕೊಬ್ಬನ್ನು ಕರಗಿಸುತ್ತದೆಂದು ಅಲ್ಲಿನ ಡಾಕ್ಟರುಗಳು ಬರೆದಿದ್ದರು. ಬೆಂಗಳೂರಿನ ಒಬ್ಬ ಔಷಧ ವ್ಯಾಪಾರಿಯಿಂದ ಅದನ್ನು ತರಿಸಿ, ತಾನೇ ತೂಗಿ ಪೊಟ್ಟಣ ಕಟ್ಟಿ, ಕೆಲವು ರೋಗಿಗಳ ಮೇಲೆ ನೋಡತೊಡಗಿದ್ದ. ಮೊದಲನೆಯವಳು ಬೆಸಗರಹಳ್ಳಿಯ ಜಮೀನುದಾರರ ಮನೆಯ ಮಂಗಳಮ್ಮ. ಹಬೀಬುನ್ನೀಸಾಳಷ್ಟು ಭಾರಿ ಮೈಯವರು ಮಾತ್ರ ಅವನಿಗೆ ಇನ್ನೂ ಸಿಕ್ಕಿರಲಿಲ್ಲ.

ಮಾರನೆಯ ವಾರ ಯಾರೂ ಕರೆಯದಿದ್ದರೂ ಅವನು ಹಬೀಬುನ್ನೀಸಾಳ ಮನೆಗೆ ಹೋದ. ಒಳಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಮಾತು ಪರದೆಯ ಆಚೆಯಿಂದ ಬಂತು.

"ಮೈ ಇಳಿತದಾ ಡಾಕ್ಟ್ರೇ?"

"ಇಳಿಯುತ್ತೆ ತಾಯಿ. ಬೆವರು ಜಾಸ್ತಿ ಬರುತ್ತೆ, ಮೈ ಬಿಸಿ ಅನ್ನಿಸುತ್ತೆ. ಕೆಲವರಿಗೆ ಮೈಮೇಲೆ ತುರಿಕೆಯ ಗಂಧೆ ಏಳುತ್ತೆ. ನಾನು ಹೇಳಿದಷ್ಟೇ ಊಟ ಮಾಡಬೇಕು."

"ಅಪಾಯ ಏನಾರ ಅದಾ?" ಎಂದು ಕೇಳಿದವನು ಫಕ್ರುದ್ದೀನ್.

ಮರಿಸಿದ್ದಯ್ಯ ಒಂದು ಕ್ಷಣ ತಡೆದ. "ಭಯ ಬೇಡಿ ಸಾಬ್ರೇ. ನಾನಿದ್ದೀನಲ್ಲ" ಎಂದ.

ಆ ಒಂದು ಕ್ಷಣದಲ್ಲಿ ಅವನ ಮನಸ್ಸಿಗೆ ಬಂದು ಹೋದದ್ದು ಇಷ್ಟು. ಈ ಪುಡಿ ತಿಂದ ಕೆಲವು ಹೆಂಗಸರ ಕಣ್ಣಿಗೆ ಪೊರೆ ಬಂದು ದೃಷ್ಟಿ ಹೋಗಿದೆ ಎಂದು ಈಚಿನ ಒಂದು ವೈದ್ಯಪತ್ರಿಕೆಯಲ್ಲಿ ಅವನು ಓದಿದ್ದ. ಆ ದೇಶದಲ್ಲಿ ಇದನ್ನು ಕೊಡುವುದನ್ನೇ ನಿಲ್ಲಿಸುತ್ತಿದ್ದಾರೆ ಎಂದೂ ಇತ್ತು. ಸಾವಿರಾರು ಜನ ತಿಂದದ್ದರಲ್ಲಿ ಕೆಲವರಿಗೆ ತಾನೇ, ಅವರು ಡಾಕ್ಟರನ್ನು ಕೇಳದೆ ಮನಸ್ಸಿಗೆ ಬಂದಷ್ಟು ನುಂಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹೇಳಿದರೆ ಹಳ್ಳಿಯವರು ಹೆದರಿ ಬಿಟ್ಟುಬಿಡುತ್ತಾರೆ, ಬಿಟ್ಟರೆ ನಷ್ಟ ಅವರಿಗೇ ಎಂದೂ ಹೇಳಿಕೊಂಡಿದ್ದ. ಕೊನೆಯ ಮಾತನ್ನು ಅವನು ಪೂರ್ತಿ ನಂಬಿದ್ದ.

ತೂಕ ನೋಡುವುದು ಒಂದು ಸಮಸ್ಯೆಯಾಯಿತು. ಬೆಲ್ಲದ ಮಂಡಿಯ ತಕ್ಕಡಿಯಲ್ಲಿ ಹೆಂಗಸನ್ನು ಕೂರಿಸುವುದೆಂದರೆ ಮತ್ತೆ ಬೀದಿಯ ನಗುವೇ. ಮರಿಸಿದ್ದಯ್ಯ ರೈಲ್ವೆ ಸ್ಟೇಷನ್ನಿನವರನ್ನು ಕಂಡು, ಬೆಳಗಿನ ಗಾಡಿಗೂ ಮುಂಚೆ ಯಾರೂ ಇಲ್ಲದ ಹೊತ್ತಿನಲ್ಲಿ ಗೂಡ್ಸ್ ಷೆಡ್ಡಿನ ತೂಕದ ಹಲಗೆಯನ್ನು ಬಳಸಲು ಒಪ್ಪಿಸಿದ. ಹಬೀಬುನ್ನೀಸಾ ತಂಗಿಯ ಹೆಗಲು ಹಿಡಿದು ಮೂಟೆ ಇಡುವ ಆ ಹಲಗೆಯ ಮೇಲೆ ನಿಂತಳು. ರೈಲಿನವರ ದೊಡ್ಡ ಮಣದ ಲೆಕ್ಕದಲ್ಲಿ ನಾಲ್ಕು ಮಣಕ್ಕೂ, ಎಂದರೆ ಇಬ್ಬರು ಗಂಡಸರ ತೂಕಕ್ಕೂ ಮೀರಿತು. ಮರಿಸಿದ್ದಯ್ಯ ಅದನ್ನು ಗಟ್ಟಿಯಾಗಿ ಹೇಳಲಿಲ್ಲ, ಬರೆದುಕೊಂಡ. ಅವಳು ಅದಕ್ಕೇ ಅವನನ್ನು ಮೆಚ್ಚಿದಳು. "ಈ ಡಾಕ್ಟ್ರು ನನ್ನ ಮರ್ಯಾದೆ ಕಾದ್ರು" ಎಂದು ಮನೆಗೆ ಬಂದು ತಂಗಿಗೆ ಹೇಳಿದಳು.

ಮದ್ದು ಕೆಲಸ ಮಾಡಿತು. ಅದು ಸುಳ್ಳಲ್ಲ. ಹಾಸಿಗೆ ಬಟ್ಟೆ ಹಿಂಡುವಷ್ಟು ಬೆವರು, ಬೆವರಿಗೂ ಹಳದಿ ಬಣ್ಣ. ಆದರೆ ಮಳೆಗಾಲದ ಹೊತ್ತಿಗೆ ಬಳೆ ಸಡಿಲವಾಯಿತು, ಕಾಲಿನ ಊತ ಇಳಿಯಿತು, ಹುಣ್ಣು ಒಣಗಿದವು. ಒಂದು ದಿನ ಅವಳು ಯಾರ ಹೆಗಲೂ ಇಲ್ಲದೆ ಕುಲುಮೆಯ ತನಕ ನಡೆದು ಹೋಗಿ ಗಂಡನ ಎದುರು ನಿಂತಳು. ಫಕ್ರುದ್ದೀನ್ ಸುತ್ತಿಗೆ ಇಳಿಸಿ ಅವಳನ್ನೇ ನೋಡಿದ. ಆ ಮೇಲಿನ ವಾರ ಮೂವರೂ ಬಸ್ಸು ಹತ್ತಿ ಮಳವಳ್ಳಿಗೆ ಹೋದರು. ಆಗಲೇ ಮಗುಚಿಕೊಳ್ಳುತ್ತಿದ್ದ ಮೊಮ್ಮಗನನ್ನು ಹಬೀಬುನ್ನೀಸಾ ಎತ್ತಿ ಎದೆಗೊತ್ತಿಕೊಂಡಳು, ಸಂಜೆಯ ತನಕ ಕೆಳಗಿಡಲಿಲ್ಲ.

ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಡಾಕ್ಟರುಗಳ ಒಂದು ಸಭೆ ಸೇರಿತ್ತು. ಮರಿಸಿದ್ದಯ್ಯ ಅಲ್ಲಿ ತನ್ನ ರೋಗಿಗಳ ವಿಷಯ ಮಾತಾಡಿದ. ಚಪ್ಪಾಳೆ ಬಿತ್ತು. ಮಳವಳ್ಳಿಯಲ್ಲಿ ವೈದ್ಯನಾಗಿದ್ದ ಹಳೆಯ ಸಹಪಾಠಿ ಹೊನ್ನಯ್ಯ ಬಂದು ತಬ್ಬಿಕೊಂಡು, "ಚಲುವಮ್ಮನ ಮಗ ಕಣಯ್ಯ ನೀನು" ಎಂದ. ಮರಿಸಿದ್ದಯ್ಯನ ಕಣ್ಣು ತುಂಬಿತು.

ರಂಜಾನಿನ ಹೊತ್ತಿಗೆ ತೂಕ ಇಳಿಯುವುದು ನಿಂತುಹೋಯಿತು.

ಮದ್ದು ಹೊಟ್ಟೆಯಲ್ಲಿ ಹಸಿವಿನ ಬೆಂಕಿಯನ್ನೂ ಹಚ್ಚುತ್ತಿತ್ತು. ರಾಗಿ ಗಂಜಿ, ಸೊಪ್ಪು, ನೀರುಮಜ್ಜಿಗೆಯಲ್ಲಿ ಹಬೀಬುನ್ನೀಸಾ ಅಷ್ಟು ತಿಂಗಳು ತಡೆದಿದ್ದಳು. ಮನೆಯಲ್ಲಿ ಇಫ್ತಾರಿಗೆಂದು ಗೋಧಿ ಹಲ್ವ ಕಾಯಿಸುವ ವಾಸನೆ ಏಳತೊಡಗಿದಾಗ ಆಗಲಿಲ್ಲ. ಅವಳು ಸಣ್ಣ ಹುಡುಗಿಯ ಹಾಗೆ ಅತ್ತಳು. ಬಿಬಿ ಜಾನ್ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಕ್ಕನ ಮನೆ ಸೇರಿದವಳು. ಅಡಿಗೆ ಅವಳದೇ. ಅಕ್ಕ ಅತ್ತರೆ ಅವಳಿಂದ ನೋಡಲಾಗುತ್ತಿರಲಿಲ್ಲ.

"ಒಂದು ತುತ್ತು ಕಣೇ ಬಿಬಿ. ನಾಲಿಗೆಗೆ ಸೋಕಿಸು ಸಾಕು."

"ಡಾಕ್ಟ್ರು ಬೇಡ ಅಂದವ್ರೆ ಆಪಾ."

"ಡಾಕ್ಟ್ರಿಗೆ ಯಾರು ಏಳ್ತಾರೆ?"

ಒಂದು ತುತ್ತು ಒಂದು ಬಟ್ಟಲಾಯಿತು. ಹಬ್ಬ ಕಳೆದ ಮೇಲೂ ನಿಲ್ಲಲಿಲ್ಲ. ತುಪ್ಪ ಸವರಿದ ರೊಟ್ಟಿ, ಸಕ್ಕರೆ ಹಾಕಿದ ಹಾಲು. ಬಿಬಿ ಜಾನ್ ಭಾವನಿಗೆ ಗೊತ್ತಾಗದಂತೆ ಕೊಟ್ಟಳು. ಡಾಕ್ಟರು ಬಂದು ಊಟದ ಬಗ್ಗೆ ಕೇಳಿದಾಗ ಅಕ್ಕತಂಗಿಯರಿಬ್ಬರೂ ಗಂಜಿಯ ಲೆಕ್ಕವನ್ನೇ ಒಪ್ಪಿಸಿದರು.

ಮರಿಸಿದ್ದಯ್ಯ ತಲೆ ಕೆಡಿಸಿಕೊಂಡ. ಸಭೆಯಲ್ಲಿ ಅಷ್ಟು ಹೇಳಿ ಬಂದಿದ್ದ. ಮೈಗೆ ಮದ್ದು ಒಗ್ಗಿಹೋಗಿರಬೇಕೆಂದು ತೀರ್ಮಾನಿಸಿ ಪೊಟ್ಟಣದ ಪುಡಿಯನ್ನು ಹೆಚ್ಚಿಸಿದ. ಸ್ವಲ್ಪ ದಿನ ಬಿಟ್ಟು ಇನ್ನೂ ಹೆಚ್ಚಿಸಿದ. ತೂಕ ಮತ್ತೆ ಇಳಿಯತೊಡಗಿತು, ಜೊತೆಗೆ ಜ್ವರ, ಸುಸ್ತು. ಹಬೀಬುನ್ನೀಸಾ ಸಹಿಸಿಕೊಂಡಳು.

ಬೇಸಿಗೆಯ ಒಂದು ಮಧ್ಯಾಹ್ನ ಅವಳು ಸೂಜಿಗೆ ದಾರ ಪೋಣಿಸಲು ಹೋಗಿ ಸೋತಳು. ಒಲೆಯ ಹೊಗೆ ಕಣ್ಣಿಗೆ ಹೋಗಿದೆ ಅಂದುಕೊಂಡಳು. ಮರುದಿನವೂ ಹಾಗೇ. ಬಿಸಿಲಿನಲ್ಲಿ ಮಂಜು ಕವಿದ ಹಾಗೆ ಕಾಣುತ್ತದೆ ಎಂದಳು. ಮರಿಸಿದ್ದಯ್ಯ ಸುದ್ದಿ ಕೇಳಿ ಸಿಕ್ಕ ರೈಲಿಗೇ ಓಡಿಬಂದ. ಕಣ್ಣಿನ ಹತ್ತಿರ ದೀಪ ಹಿಡಿದು ನೋಡಿದ ಅವನಿಗೆ ಕಪ್ಪುಗುಡ್ಡೆಯ ನಡುವೆ ಹಾಲಿನ ಕೆನೆಯಂಥ ಬಿಳುಪು ಕಂಡಿತು. ದೀಪವನ್ನು ಇನ್ನೊಂದು ಕಣ್ಣಿಗೆ ಹಿಡಿದ, ಅಲ್ಲೂ ಅದೇ.

ಮದ್ದನ್ನು ಅಂದೇ ನಿಲ್ಲಿಸಿದ. ಪೊರೆ ನಿಲ್ಲಲಿಲ್ಲ. ಮಳೆ ಹಿಡಿಯುವಷ್ಟರಲ್ಲಿ ಹಬೀಬುನ್ನೀಸಾಳಿಗೆ ಬೆಳಕು, ಕತ್ತಲೆ ಎರಡೇ ಉಳಿದವು.

ಅದೇ ವಾರದಲ್ಲಿ ಬೆಸಗರಹಳ್ಳಿಯಿಂದಲೂ ಕರೆ ಬಂತು. ಮಂಗಳಮ್ಮನ ಕಣ್ಣೂ ಮಂಜಾಗಿತ್ತು. ಮಂಗಳಮ್ಮನಿಗೆ ಅವನು ಎಂದೂ ಮದ್ದು ಹೆಚ್ಚಿಸಿರಲಿಲ್ಲ. ಮೈಯೆಲ್ಲ ಗಂಧೆ ಎದ್ದಿತೆಂದು ಅವಳು ಬಲು ಬೇಗ ಅದನ್ನು ಬಿಟ್ಟೇ ಬಿಟ್ಟಿದ್ದಳು. ಸ್ವಲ್ಪ ತಿಂದವಳಿಗೂ ಅದೇ, ಬಹಳ ತಿಂದವಳಿಗೂ ಅದೇ. ಅಲ್ಲಿಂದ ಗಾಡಿಯಲ್ಲಿ ಹಿಂತಿರುಗುವಾಗ ಮರಿಸಿದ್ದಯ್ಯನಿಗೆ ತಾನು ಓದಿದ್ದ ಸಾಲುಗಳು ಒಂದೊಂದಾಗಿ ನೆನಪಾದವು.

ಎರಡು ದಿನ ಬಿಟ್ಟು ಬಿಬಿ ಜಾನ್ ಒಬ್ಬಳೇ ರೈಲು ಹತ್ತಿ ಮಂಡ್ಯದ ಅವನ ದವಾಖಾನೆಗೆ ಬಂದಳು. ರೋಗಿಗಳೆಲ್ಲ ಹೋಗುವ ತನಕ ಮೂಲೆಯ ಬೆಂಚಿನಲ್ಲಿ ಕೂತಿದ್ದು, ಆಮೇಲೆ ಎದ್ದು ಬಂದು ಅವನ ಮೇಜಿನ ಮುಂದೆ ನೆಲದ ಮೇಲೆ ಕುಸಿದಳು.

"ನಾನು ತಿನ್ನಿಸ್ದೆ ಸ್ವಾಮಿ. ಹಲ್ವ ತಿನ್ನಿಸ್ದೆ, ತುಪ್ಪ ತಿನ್ನಿಸ್ದೆ. ನಿಮಗೆ ಸುಳ್ಳು ಏಳ್ದೊ. ತೂಕ ಇಳೀನಿಲ್ಲ ಅಂತ ನೀವು ಮದ್ದು ಜಾಸ್ತಿ ಮಾಡಿದ್ರಿ. ನನ್ನ ಆಪಾನ ಕಣ್ಣ ನಾನೇ ಕಿತ್ತೆ, ಅಲ್ವಾ? ಏಳಿ ಸ್ವಾಮಿ. ಅಲ್ವಾ?"

ಅಲ್ಲ ಎನ್ನಬೇಕಿತ್ತು. ಮಂಗಳಮ್ಮನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಹೆಸರು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ, ನಿಮಗೆ ಮೊದಲೇ ಗೊತ್ತಿತ್ತೇ ಎಂಬುದು. ಅದರ ಜೊತೆಗೆ ಇನ್ನೊಂದೂ ಇತ್ತು. ಆ ಹೆಂಗಸಿನ ಮಾತು ಕೇಳುತ್ತಿದ್ದಂತೆ ಅವನ ಎದೆಯ ಮೇಲಿನ ಭಾರ ಯಾರೋ ಇಳಿಸಿಕೊಂಡ ಹಾಗೆ ಹಗುರವಾಗಿತ್ತು. ಆ ಹಗುರ ಅವನಿಗೇ ಹೇಸಿಗೆ ಹುಟ್ಟಿಸಿತು. ಆದರೂ ಅವನು ಅದನ್ನು ಬಿಡಲಿಲ್ಲ.

"ಹಾಗೆ ಮಾಡಬಾರದಿತ್ತು ಕಣಮ್ಮ" ಎಂದ.

ಬಿಬಿ ಜಾನ್ ತಲೆಯಾಡಿಸಿದಳು. ತೀರ್ಪು ಕೇಳಿಸಿಕೊಂಡವಳಂತೆ ಎದ್ದು ಹೋದಳು.

ಮನೆಗೆ ಹೋಗಿ ಅವಳು ಭಾವನ ಮುಂದೆಯೂ ಎಲ್ಲ ಹೇಳಿದಳು. ಫಕ್ರುದ್ದೀನ್ ಬೈಯಲಿಲ್ಲ, ಹೊಡೆಯಲಿಲ್ಲ. ಅವಳೊಡನೆ ಮಾತು ಬಿಟ್ಟ. ಅವಳು ಬಡಿಸಿದ ಅನ್ನ ಉಂಡ, ಅವಳ ಮುಖ ನೋಡಲಿಲ್ಲ. ಬಿಬಿ ಜಾನ್ ಅಕ್ಕನಿಗೆ ಕಣ್ಣಾದಳು. ಮೀಯಿಸಿದಳು, ತಲೆ ಬಾಚಿದಳು, ಅರ್ಧಕ್ಕೆ ನಿಂತ ಟೋಪಿಗಳನ್ನು ತಾನೇ ಹೊಲಿಯಲು ಕೂತು ಬೆರಳು ಚುಚ್ಚಿಕೊಂಡಳು. ತಾನು ಮಾತ್ರ ಸಪ್ಪೆ ಗಂಜಿ ಕುಡಿದಳು. ಅಕ್ಕ ಕರೆದು ಪಕ್ಕದಲ್ಲಿ ಕೂರಿಸಿಕೊಂಡರೂ ಆಗಲೇ ಉಂಡೆನೆಂದು ಹೇಳಿ ಜೊತೆಗೆ ಉಣ್ಣುತ್ತಿರಲಿಲ್ಲ. ಮದ್ದು ನಿಂತದ್ದರಿಂದ ಹಬೀಬುನ್ನೀಸಾಳ ಮೈ ಮತ್ತೆ ತುಂಬಿಕೊಳ್ಳುತ್ತಿತ್ತು, ಬಿಬಿ ಜಾನ್ ಕಡ್ಡಿಯಾಗುತ್ತಿದ್ದಳು.

ಮರಿಸಿದ್ದಯ್ಯ ಆಗಾಗ ಬಂದು ನೋಡುತ್ತಿದ್ದ. ಕಾಸು ಮುಟ್ಟುತ್ತಿರಲಿಲ್ಲ. ಬಿಬಿ ಜಾನ್ ಅವನಿಗೆ ನೀರು ತಂದಿಟ್ಟು, ತಲೆ ತಗ್ಗಿಸಿ ಗೋಡೆಗೆ ಅಂಟಿಕೊಂಡು ನಿಲ್ಲುವಳು. ಆ ನೀರನ್ನು ಅವನು ಒಮ್ಮೊಮ್ಮೆ ಕುಡಿಯದೆ ಎದ್ದುಬಿಡುತ್ತಿದ್ದ.

"ಪೊರೆ ತೆಗೀತಾರಂತಲ್ಲ ಮೈಸೂರಲ್ಲಿ?" ಎಂದು ಫಕ್ರುದ್ದೀನ್ ಕೇಳಿದ್ದುಂಟು.

"ಬಲಿಯಲಿ ಸಾಬ್ರೇ. ಬಲಿತ ಮೇಲೆ ತೆಗೆಸೋಣ."

ಪೊರೆ ಬಲಿತು ಬಹಳ ಕಾಲವಾಗಿತ್ತು. ಆದರೆ ಮೈಸೂರಿನ ಕಣ್ಣಿನ ಡಾಕ್ಟರು ಮೊದಲು ಕೇಳುವುದೇ, ಈ ವಯಸ್ಸಿಗೆ ಎರಡು ಕಣ್ಣಿಗೂ ಒಟ್ಟಿಗೆ ಪೊರೆ ಯಾಕೆ ಬಂತು, ಏನು ಕೊಟ್ಟಿದ್ದೆ ಎಂದು. ಆ ಮಾತಿಗೆ ಹೆದರಿ ಅವನು ಮುಂದೂಡಿದ. ಎಡಗಣ್ಣು ಸಿಡಿಯುತ್ತದೆ, ತಲೆ ಒಡೆದುಹೋಗುವಂತೆ ನೋಯುತ್ತದೆ ಎಂದು ಹಬೀಬುನ್ನೀಸಾ ಗೋಳಾಡಿದ ತಿಂಗಳಿನಲ್ಲೂ ನೋವಿನ ಪುಡಿ ಕೊಟ್ಟು ಬಂದ. ಮಂಗಳಮ್ಮನ ಮನೆಯವರಿಗೆ ವಯಸ್ಸಿನ ಪೊರೆ ಎಂದು ಹೇಳಿದ. ಹೀಗೆ ಎರಡು ವರ್ಷ ಕಳೆಯಿತು.

ಅವನನ್ನು ಅಲುಗಾಡಿಸಿದವನು ಹೊನ್ನಯ್ಯ. ಮರಿಸಿದ್ದಯ್ಯನ ಹತ್ತಿರ ಅವನು ಹಿಂದೆಯೇ ಆ ಪುಡಿ ಕೇಳಿದ್ದ. ಹೊರದೇಶದಲ್ಲಿ ಯುದ್ಧ ಬಂದು ಸರಕು ಬರುವುದು ನಿಂತಿದೆ ಎಂದು ಸುಳ್ಳು ಹೇಳಿ ಇವನು ಜಾರಿಕೊಂಡಿದ್ದ. ಈಗ ಹೊನ್ನಯ್ಯ ಮಂಡ್ಯಕ್ಕೆ ಬಂದವನು ನಗುತ್ತಾ ದವಾಖಾನೆಯೊಳಗೆ ನುಗ್ಗಿದ.

"ಲೋ ಸಿದ್ದ, ಸಿಕ್ತು ಕಣೋ ನಿನ್ನ ಹಳದಿ ಪುಡಿ! ಬೊಂಬಾಯಿಯ ಒಬ್ಬನ ಹತ್ರ ಹಳೇ ದಾಸ್ತಾನು ಇತ್ತು. ನಮ್ಮ ಅತ್ತಿಗೆಗೆ ಸೋಮವಾರದಿಂದ ಶುರು ಮಾಡ್ತೀನಿ. ನಮ್ಮಣ್ಣ ಇಲ್ದಿರೋ ಮನೇಲಿ ಪಾಪ, ಮೈ ಹೊತ್ಕೊಂಡು ಒದ್ದಾಡ್ತಾವ್ಳೆ. ಎಷ್ಟು ತೂಕದಿಂದ ಶುರು ಮಾಡ್ಲಿ ಹೇಳು."

ಮರಿಸಿದ್ದಯ್ಯ ಕೂತಲ್ಲಿಂದ ಎದ್ದ.

"ಕೊಡಬೇಡ."

"ಯಾಕೋ?"

"ಕಣ್ಣು ಹೋಗುತ್ತೆ."

ಹೊನ್ನಯ್ಯನ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. "ಯಾರ ಕಣ್ಣು ಹೋಯ್ತು?"

"ಮದ್ದೂರಿನವಳದು. ಬೆಸಗರಹಳ್ಳಿಯವಳದು."

"ಯಾವಾಗ ಗೊತ್ತಾಯ್ತು ನಿನಗೆ?"

"ಶುರು ಮಾಡೋಕೆ ಮುಂಚೆ ಓದಿದ್ದೆ."

ಹೊನ್ನಯ್ಯ ನಿಧಾನವಾಗಿ ಕುರ್ಚಿಯಲ್ಲಿ ಕೂತ. ಆಮೇಲೆ, "ಸಭೇಲಿ ಹೇಳ್ಲಿಲ್ಲವಲ್ಲೋ" ಎಂದ. "ನಾನು ಮನೆ ಹೆಂಗಸಿಗೆ ಕೊಡೋನಿದ್ದೆನಲ್ಲೋ ಸಿದ್ದ. ನೀನು ಹೇಳಿದ್ದು ಅಂತ ನಂಬ್ಕೊಂಡು." ಎದ್ದು ಹೊರಟವನು ಬಾಗಿಲಲ್ಲಿ ತಿರುಗಿ, "ಆ ಮದ್ದೂರಿನೋರಿಗೆ ಹೇಳಿದ್ದೀಯ?" ಎಂದು ಕೇಳಿದ. ಉತ್ತರಕ್ಕೆ ಕಾಯಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಮರಿಸಿದ್ದಯ್ಯ ಮದ್ದೂರಿಗೆ ಹೋದ. ಫಕ್ರುದ್ದೀನನನ್ನು ಕುಲುಮೆಯಿಂದ ಕರೆದ. ಬಿಬಿ ಜಾನಳಿಗೂ ಕೂರು ಎಂದ. ಈಚೆಗೆ ಅವನಿಗಾಗಿ ಪರದೆ ಇಳಿಬಿಡುತ್ತಿರಲಿಲ್ಲ. ಹಬೀಬುನ್ನೀಸಾ ಗೋಡೆಗೊರಗಿ, ಬಿಳಿಯ ಕಣ್ಣುಗಳನ್ನು ಅವನ ದನಿ ಬಂದ ಕಡೆಗೆ ತಿರುಗಿಸಿದಳು. ಅವನು ಮೊದಲಿನಿಂದ ಹೇಳಿದ. ಓದಿದ್ದು, ಮುಚ್ಚಿಟ್ಟದ್ದು, ಮಂಗಳಮ್ಮನ ಕಣ್ಣು, ಮೈಸೂರಿಗೆ ಕಳಿಸದೆ ಮುಂದೂಡಿದ್ದು. ಕೊನೆಗೆ ಬಿಬಿ ಜಾನಳ ಕಡೆ ತಿರುಗಿ, "ನೀನು ತಿನ್ನಿಸಿದ್ದರಿಂದ ಹೋದದ್ದಲ್ಲ ಕಣಮ್ಮ. ಸ್ವಲ್ಪವೇ ತಿಂದವರದೂ ಹೋಗಿದೆ. ಅವತ್ತೇ ನನಗೆ ಗೊತ್ತಿತ್ತು" ಎಂದ.

ಬಿಬಿ ಜಾನ್ ಮೊದಲು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಕೂತಲ್ಲಿಂದ ಎದ್ದಳು.

"ಗೊತ್ತಿತ್ತಾ? ನಾನು ನಿಮ್ಮ ಕಾಲ್ತಾವ ಬಿದ್ದು ಅತ್ನಲ್ಲ, ಆವಾಗ್ಲೂ ಗೊತ್ತಿತ್ತಾ? ಎರಡು ವರ್ಸ ನನ್ನ ಆಪಾನ ಜೊತೆ ಕೂತು ಒಂದು ತುತ್ತು ಉಣ್ನಿಲ್ಲ ನಾನು. ಸತ್ರೆ ಯಾವ ಮುಖ ಇಟ್ಕಂಡು ಅಲ್ಲಾನ ಮುಂದೆ ನಿಂತ್ಕಳ್ಳಿ ಅಂತ ದಿನಾ ಸಾಯ್ತಿದ್ದೆ. ನಿಮ್ಮ ಪಾಪನ ನನ್ನ ತಲೆ ಮೇಲೆ ಒರಿಸ್ಬುಟ್ಟು ನೀವು ನೀರು ಕುಡ್ಕಂಡು ಓಯ್ತಿದ್ರಿ!"

ಫಕ್ರುದ್ದೀನ್ ನಿಂತೇ ಇದ್ದ. "ಈಗ ಓಗಿ ಡಾಕ್ಟ್ರೇ" ಎಂದ ತಗ್ಗಿದ ದನಿಯಲ್ಲಿ. "ನನ್ನ ಕೈಲಿ ಸುತ್ತಿಗೆ ಅದೆ."

"ತಡೀರಿ" ಎಂದಳು ಹಬೀಬುನ್ನೀಸಾ. "ಬಿಬಿ, ಇಲ್ಲಿ ಬಾ. ಕೇಳಿ ತಿಂದೋಳು ನಾನು. ಬಾಯಿ ನಂದು. ನೀನು ಉಪಾಸ ಇದ್ದಿದ್ದು ನನಗೇನು ಗೊತ್ತು? ಕಣ್ಣಿಲ್ದೋಳು ನಾನು, ನೀನು ಉಂಡೆ ಅಂದ್ರೆ ಉಂಡೆ ಅಂದ್ಕಂಡೆ." ತಂಗಿಯನ್ನು ಮಗ್ಗುಲಿಗೆ ಎಳೆದುಕೊಂಡು, ಅವಳ ಎಲುಬು ಎದ್ದ ಬೆನ್ನನ್ನು ಸವರುತ್ತಾ ಡಾಕ್ಟರ ಕಡೆಗೆ ಮುಖ ಮಾಡಿದಳು.

"ಕಣ್ಣು ಓಗ್ಬೋದು ಅಂತ ನೀವು ಏಳಿದ್ರೂ ನಾನು ತಗೋತಿದ್ನೇನೋ. ನನಗೆ ಗೊತ್ತಿಲ್ಲ. ಮೊಮ್ಮಗನ್ನ ಎತ್ಕಬೇಕು ಅಂತ ಅಷ್ಟು ಆಸೆ ಇತ್ತು, ಎತ್ಕಂಡೆ. ಅದು ಸುಳ್ಳಲ್ಲ. ಆದ್ರೆ ನೀವು ನನ್ನ ಕೇಳ್ಲಿಲ್ಲ. ಅವತ್ತು ಬೀದೀಲಿ ಎಲ್ಲಾರೂ ನಕ್ರು, ನೀವು ನಗ್ಲಿಲ್ಲ. ನೀವೊಬ್ರು ನನ್ನ ಮನುಸ್ಯಳು ಅಂತ ಎಣಿಸಿದ್ರಿ ಅಂದ್ಕಂಡಿದ್ದೆ. ನೀವೂ ಎಣಿಸ್ಲಿಲ್ಲ."

ಆ ಮಾತು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅದು ಮರಿಸಿದ್ದಯ್ಯನ ಎದೆಗೆ ನೆಟ್ಟಿತು. ಸುತ್ತಿಗೆಯ ಏಟಾದರೆ ತಡೆದುಕೊಳ್ಳುತ್ತಿದ್ದೆ ಎಂದು ಅವನಿಗೆ ಅನ್ನಿಸಿತು.

"ಮೈಸೂರಿಗೆ ಕರಕೊಂಡು ಹೋಗ್ತೀನಿ ತಾಯಿ. ಅಲ್ಲಿಯೂ ಎಲ್ಲಾ ಹೇಳ್ತೀನಿ" ಎಂದ. "ನೀವು ಒಪ್ಪಿದರೆ."

"ಈಗ ಕೇಳಿದ್ರಿ" ಎಂದಳು ಹಬೀಬುನ್ನೀಸಾ. "ಒಪ್ದೆ."

ಫಕ್ರುದ್ದೀನ್ ಮೈಸೂರಿಗೆ ಬರಲೇ ಇಲ್ಲ. ಹೆಂಡತಿಯನ್ನೂ ಬಿಬಿ ಜಾನಳನ್ನೂ ರೈಲು ಹತ್ತಿಸಿ, ಡಾಕ್ಟರ ಮುಖ ನೋಡದೆ ಪ್ಲಾಟ್‌ಫಾರಂನಲ್ಲೇ ನಿಂತ. ಮೈಸೂರಿನ ಕಣ್ಣಿನ ಡಾಕ್ಟರು ವಯಸ್ಸಾದವರು. ಮರಿಸಿದ್ದಯ್ಯ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಹಬೀಬುನ್ನೀಸಾಳ ಕಣ್ಣುಗಳನ್ನು ಒತ್ತಿ ನೋಡಿ, ಅವನನ್ನು ಪಕ್ಕಕ್ಕೆ ಕರೆದರು.

"ಬಲಗಣ್ಣಿನ ಪೊರೆ ತೆಗೆದು ನೋಡೋಣ. ಎಡಗಣ್ಣಲ್ಲಿ ಪೊರೆ ಊದಿ, ಒತ್ತಡ ಏರಿ ನರ ಸತ್ತಿದೆ. ನೋವು ಅಂದಿರಬೇಕಲ್ಲ?"

"ಅಂದಿದ್ದಳು."

"ಆಗಲೇ ತಂದಿದ್ದರೆ ಎರಡೂ ಉಳಿಯುತ್ತಿದ್ದವು" ಎಂದರು ಅವರು. ಗದರಲಿಲ್ಲ, ಅಷ್ಟು ಹೇಳಿ ಕೈ ತೊಳೆಯಲು ಹೋದರು.

ಮರಿಸಿದ್ದಯ್ಯ ಅದನ್ನೂ ಅಕ್ಕತಂಗಿಯರಿಗೆ ಹೇಳಿದ. ಇನ್ನು ಮುಚ್ಚಿಡುವುದು ಅವನಿಂದ ಆಗುತ್ತಿರಲಿಲ್ಲ. ಪಟ್ಟಿ ಬಿಚ್ಚಿದ ದಿನ ಹಬೀಬುನ್ನೀಸಾ ಬಲಗಣ್ಣನ್ನು ಕಿರಿದು ಮಾಡಿಕೊಂಡು ಮೊದಲು ನೋಡಿದ್ದು ಬಿಬಿ ಜಾನಳನ್ನು. "ಯಾ ಅಲ್ಲಾ, ಎಷ್ಟು ಸೊರಗಿದ್ದೀಯೇ" ಎಂದು ಅಳತೊಡಗಿದಳು. ಅಳಬೇಡಿ, ಕಣ್ಣಿಗೆ ಆಗುವುದಿಲ್ಲ ಎಂದು ಅಲ್ಲಿದ್ದವರು ಗದರಿದರು. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅವಳು ಮದ್ದೂರಿಗೆ ಹಿಂತಿರುಗಿದಳು. ಸಣ್ಣ ಹೊಲಿಗೆಗೆ ಆ ಕಣ್ಣು ಸಾಲದಾಯಿತು, ಆದರೂ ತಂಗಿಯ ಹೊಲಿಗೆಯ ತಪ್ಪು ಹಿಡಿದು ಬೈಯುವಷ್ಟು ಕಾಣುತ್ತಿತ್ತು. ಬಿಬಿ ಜಾನ್ ಮನೆಗೆ ಬಂದ ದಿನ ಫಕ್ರುದ್ದೀನ್ ಅವಳ ಮುಂದೆ ತಾನೇ ತಟ್ಟೆ ಇಟ್ಟು, "ಉಣ್ಣಮ್ಮ" ಎಂದ. ಎರಡು ವರ್ಷದಲ್ಲಿ ಅವಳಿಗೆ ಅವನಾಡಿದ ಮೊದಲ ಮಾತು ಅದು.

ಮರಿಸಿದ್ದಯ್ಯ ಬೆಸಗರಹಳ್ಳಿಗೂ ಹೋದ. ಮಂಗಳಮ್ಮನ ಮಕ್ಕಳು ಅವನನ್ನು ಅಂಗಳದಿಂದಲೇ ಓಡಿಸಿದರು, ತಾಯಿಯನ್ನು ಬೇರೆ ಡಾಕ್ಟರಲ್ಲಿಗೆ ತಾವೇ ಕರೆದುಕೊಂಡು ಹೋದರು. ಮುಂದಿನ ಸಲ ಡಾಕ್ಟರುಗಳ ಸಭೆ ಸೇರಿದಾಗ ಅವನು ಎದ್ದು ನಿಂತು, ಹಿಂದೆ ಹೇಳದೆ ಬಿಟ್ಟದ್ದನ್ನು ಹೇಳಿದ. ಕೆಲವರು ಹೊರಗೆ ಬಂದ ಮೇಲೆ ಅವನೊಡನೆ ಕಾಫಿಗೆ ಕೂರಲಿಲ್ಲ. ಮಂಡ್ಯದಲ್ಲಿ ಸುದ್ದಿ ಹಬ್ಬಿ ದವಾಖಾನೆಯ ಬೆಂಚುಗಳು ಖಾಲಿಯಾದವು. ಅವನು ಊರು ಬಿಟ್ಟು ಹೋಗಲಿಲ್ಲ. ಹೋದರೆ ಮತ್ತೊಮ್ಮೆ ಮುಚ್ಚಿಟ್ಟ ಹಾಗೆ ಎಂದು ಅವನಿಗನ್ನಿಸಿತ್ತು.

ಯುದ್ಧ ಮುಗಿದ ಮಾರನೆಯ ವರ್ಷ ಒಂದು ದಿನ ಬಿಬಿ ಜಾನ್ ಆ ದವಾಖಾನೆಗೆ ಬಂದಳು. ಅವಳ ಜೊತೆಗೆ ಕೊತ್ತತ್ತಿಯ ಪುಟ್ಟಮಾದಮ್ಮ ಎಂಬ ಹೆಂಗಸು, ಟೋಪಿ ಮಾರುವಾಗ ಪರಿಚಯವಾದವಳು. ಬಾಗಿಲಿನಲ್ಲಿ ಅಡ್ಡವಾಗಿ ತೂರಿ ಬಂದು, ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕೂತಳು. ಕಾಲು ಊದಿ ಹುಣ್ಣಾಗಿತ್ತು.

"ಬೇರೆ ಡಾಕ್ಟ್ರುಗಳು ಇವರನ್ನ ಮುಟ್ಟಿ ನೋಡಕ್ಕೇ ಅಸಹ್ಯ ಪಡ್ತಾರೆ" ಎಂದಳು ಬಿಬಿ ಜಾನ್. "ನೀವು ಪಡಾಕಿಲ್ಲ. ಅದಕ್ಕೇ ಕರ್ಕಂಡು ಬಂದೆ. ನಿಮ್ಮನ್ನ ಮಾಫ್ ಮಾಡಿ ಅಲ್ಲ."

"ಗೊತ್ತು ಕಣಮ್ಮ."

"ಏನು ಕೊಡ್ತೀರೋ ಅದರ ಒಳ್ಳೇದು ಕೆಟ್ಟದ್ದು ಎಲ್ಲಾ ಅವರಿಗೆ ಮೊದಲು ಏಳಿ. ನಾನು ಇಲ್ಲೇ ಕೂತಿರ್ತೀನಿ."

ಮರಿಸಿದ್ದಯ್ಯ ನೆಲಕ್ಕೆ ಕೂತು ಪುಟ್ಟಮಾದಮ್ಮನ ಕಾಲನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ಹುಣ್ಣು ತೊಳೆದ. ಮೈ ಇಳಿಸುವ ಮದ್ದು ತನ್ನ ಹತ್ತಿರ ಇಲ್ಲವೆಂದು ಹೇಳಿದ. ಹಿಂದೆ ಇದೆಯೆಂದು ನಂಬಿ ಕೊಟ್ಟಿದ್ದೆ, ಇವರ ಅಕ್ಕನ ಕಣ್ಣು ಹೋಯಿತು ಎಂದೂ ಹೇಳಿದ. ಹುಣ್ಣು ವಾಸಿ ಮಾಡಬಲ್ಲೆ, ಊಟದಲ್ಲಿ ಇಂತಿಂಥದ್ದು ಬಿಟ್ಟರೆ ಅಷ್ಟಿಷ್ಟು ಇಳಿಯಬಹುದು, ಇಳಿಯದೆಯೂ ಇರಬಹುದು ಎಂದ.

ಪುಟ್ಟಮಾದಮ್ಮ ಬಾಯಿ ತೆರೆದುಕೊಂಡು ಕೇಳಿಸಿಕೊಂಡಳು. "ಅಯ್ಯೋ, ಇದೆಂಥ ಡಾಕ್ಟ್ರವ್ವ, ಆಗಾಕಿಲ್ಲ ಅಂತ ತಾನೇ ಏಳ್ತಾನೆ" ಎಂದು ಬಿಬಿ ಜಾನಳತ್ತ ತಿರುಗಿದಳು.

"ಕೇಳ್ಕಳ್ಳಿ ಅಮ್ಮ" ಎಂದಳು ಬಿಬಿ ಜಾನ್. "ಪೂರ್ತಿ ಕೇಳ್ಕಂಡು ಆಮೇಲೆ ನೀವೇ ಏಳಿ, ಬತ್ತೀರೋ ಬುಡ್ತೀರೋ."

ಮರಿಸಿದ್ದಯ್ಯ ಹುಣ್ಣಿಗೆ ಬಟ್ಟೆ ಸುತ್ತುತ್ತಾ ಆ ಉತ್ತರಕ್ಕೆ ಕಾದ.